ಕೆಂಪು ಎಟಿಎಫ್ ಬಾಟಲಿ: ಪವರ್ ಸ್ಟೀರಿಂಗ್‌ಗೆ ತುಂಬಿ ಓಡಿಸಿದ ಮೇಲೆ

ನನ್ನ ಹಳೇ ಕಾರಿನ ಪವರ್ ಸ್ಟೀರಿಂಗ್‌ಗೆ ಹಾಕಲು ತಂದದ್ದು ಒಂದು ಲೀಟರ್‌ನ ಎಟಿಎಫ್ ಬಾಟಲಿ. ಡೆಕ್ಸ್‌ರಾನ್ 3 ದರ್ಜೆಯದು, ಕೆಂಪು ಬಣ್ಣ. ಇದು ಮೂಲತಃ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆಂದು ಮಾಡಿದ ಆಯಿಲ್. ಆದರೆ ಎಷ್ಟೋ ಕಾರುಗಳ ಪವರ್ ಸ್ಟೀರಿಂಗ್‌ಗೂ ಇದನ್ನೇ ಹಾಕಿ ಅಂತ ಕಾರು ಮಾಡಿದವರೇ ಹೇಳಿರುತ್ತಾರೆ. ನನ್ನ ಕಾರಿನ ಸ್ಟೀರಿಂಗ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೂ ಅದೇ ಅಚ್ಚಾಗಿದೆ. ಹಳೇ ಆಯಿಲ್ ತೆಗೆದು, ಇದನ್ನು ತುಂಬಿ, ಮಳೆಯಲ್ಲೂ ಬಿಸಿಲಲ್ಲೂ ಓಡಿಸಿ ನೋಡಿದ್ದೇನೆ. ಆಯಿಲ್ ಚೆನ್ನಾಗಿದೆ. ಬಾಟಲಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿರುವ ‘ಎಲ್ಲ ಕಾರುಗಳಿಗೂ’ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಈ ದರ್ಜೆಯ ಆಯಿಲ್ ಮಾಡುವವರು ಬಹಳ ಜನ ಇದ್ದಾರೆ, ಇಲ್ಲಿ ಹೇಳುವುದು ಹೆಚ್ಚುಕಮ್ಮಿ ಎಲ್ಲದಕ್ಕೂ ಹೊಂದುತ್ತದೆ.

ಕೊಳ್ಳುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಕಾರಿನ ಸ್ಟೀರಿಂಗ್‌ಗೆ ಆಯಿಲ್ ಬೇಕೇ ಅಂತ. ಈಗಿನ ಬಹುಪಾಲು ಕಾರುಗಳಲ್ಲಿ ಸ್ಟೀರಿಂಗ್‌ಗೆ ನೆರವಾಗುವುದು ಎಲೆಕ್ಟ್ರಿಕ್ ಮೋಟಾರ್. ಪಂಪೂ ಇಲ್ಲ, ಹೋಸೂ ಇಲ್ಲ, ತುಂಬಲು ಟ್ಯಾಂಕೂ ಇಲ್ಲ. 1988ರಲ್ಲಿ ಸುಜುಕಿ ಸರ್ವೋದಲ್ಲಿ ಬಂದ ಈ ಪದ್ಧತಿ ನಿಧಾನವಾಗಿ ಎಲ್ಲ ಕಡೆ ಹರಡಿತು. ಬಾನೆಟ್ ತೆಗೆದು ಎಷ್ಟು ಹುಡುಕಿದರೂ ಟ್ಯಾಂಕ್ ಸಿಗದಿದ್ದರೆ ಮ್ಯಾನುಯಲ್ ತೆಗೆದು ನೋಡಿ. ಇಲ್ಲದ ಟ್ಯಾಂಕ್ ಹುಡುಕುತ್ತಾ ಕೂಲೆಂಟ್ ಡಬ್ಬಿಗೆ ಆಯಿಲ್ ಸುರಿದುಬಿಟ್ಟರೆ ದೊಡ್ಡ ರಿಪೇರಿಯೇ ಬರುತ್ತದೆ.

ಹೈಡ್ರಾಲಿಕ್ ಸ್ಟೀರಿಂಗ್ ಇರುವ ಕಾರಿನಲ್ಲಿ ಎಂಜಿನ್ನಿನ ಬೆಲ್ಟ್ ಒಂದು ಪಂಪನ್ನು ತಿರುಗಿಸುತ್ತದೆ. ಆ ಪಂಪ್ ಆಯಿಲನ್ನು ಜೋರಾಗಿ, ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಸರಳಾದ ರ‍್ಯಾಕ್‌ನ ಕಡೆ ತಳ್ಳುತ್ತದೆ. ನೀವು ಯಾವ ಕಡೆ ತಿರುಗಿಸುತ್ತೀರೋ ಆ ಕಡೆಗೆ ಒತ್ತಡ ಬೀಳುವಂತೆ ಒಂದು ವಾಲ್ವ್ ದಾರಿ ಬಿಡುತ್ತದೆ. ಕೆಲಸ ಮುಗಿದ ಆಯಿಲ್ ಇನ್ನೊಂದು ಹೋಸಿನಲ್ಲಿ ಟ್ಯಾಂಕಿಗೆ ವಾಪಸ್. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಒಂದು ಪಿಯರ್ಸ್-ಆ್ಯರೋ ಕಾರಿಗೆ ಇಂಥದ್ದನ್ನು ಜೋಡಿಸಿ ಓಡಿಸಿ ತೋರಿಸಿದ್ದರು. ಜನ ಕೊಳ್ಳುವ ಕಾರಿನಲ್ಲಿ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಅಷ್ಟು ಹಳೇ ಪದ್ಧತಿ. ಆದರೂ ರಸ್ತೆ ಹೇಗಿದೆ ಅನ್ನುವುದನ್ನು ಕೈಗೆ ಮುಟ್ಟಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಈ ಕಾರನ್ನು ಬಿಡದೆ ಇಟ್ಟುಕೊಂಡಿರುವುದಕ್ಕೆ ಅದೂ ಒಂದು ಕಾರಣ.

ಆ ಆಯಿಲ್ ಬರೀ ತಳ್ಳುವ ಕೆಲಸ ಮಾಡುವುದಿಲ್ಲ. ಪಂಪಿನ ಒಳಗೆ ಸವೆತ ಆಗದಂತೆ ನೋಡಿಕೊಳ್ಳುವುದೂ ಅದೇ. ಹಾಗಾಗಿ ಆಯಿಲ್ ಕಮ್ಮಿಯಾಗಿ ಗಾಳಿ ಹೊಕ್ಕರೆ ಮೊದಲು ಸದ್ದು ಶುರುವಾಗುತ್ತದೆ. ಗಾಡಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ‘ಗುಂಯ್’ ಅಂತ ನರಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆ ನರಳಿಕೆಯೂ ಏರುತ್ತದೆ. ಅದನ್ನು ಕೇಳಿಯೂ ಹಾಗೇ ಓಡಿಸಿದರೆ ಪಂಪ್ ಒಳಗಿಂದ ಗೀರು ಬಿದ್ದು ಹಾಳಾಗುತ್ತದೆ. ಪಂಪಿನ ಖರ್ಚಿನ ಮುಂದೆ ಒಂದು ಬಾಟಲಿ ಆಯಿಲ್ ಏನೂ ಅಲ್ಲ, ಅಲ್ವಾ?

ಈಗ ಬಾಟಲಿಗೆ ಬರೋಣ.

ಮುಂಭಾಗವನ್ನು ಬಿಟ್ಟು ಹಿಂಭಾಗ ಓದಿ. ನಾನು ತಂದ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ, ಡೆಕ್ಸ್‌ರಾನ್ 3 ಬೇಕಾದ ಕಡೆ ಬಳಸಬಹುದು ಅಂತ ಬರೆದಿದೆ. ಜನರಲ್ ಮೋಟಾರ್ಸ್‌ನ ಅಧಿಕೃತ ಲೈಸೆನ್ಸ್ ಇದೆ ಅಂತ ಎಲ್ಲೂ ಬರೆದಿಲ್ಲ. ಅದು ಸರಿಯೇ. ಡೆಕ್ಸ್‌ರಾನ್ ಎಂಬ ಹೆಸರು ಜನರಲ್ ಮೋಟಾರ್ಸ್‌ನದು. 3ನೇ ದರ್ಜೆಗೆ ಲೈಸೆನ್ಸ್ ಕೊಡುವುದನ್ನು ಅವರು 2006ರ ಕೊನೆಗೆ ನಿಲ್ಲಿಸಿದರು, ಅದರ ಜಾಗಕ್ಕೆ ಡೆಕ್ಸ್‌ರಾನ್ 6 ತಂದರು. ಅಂದರೆ ಈಗ ಸಿಗುವ ಯಾವ ಡೆಕ್ಸ್‌ರಾನ್ 3 ಆದರೂ ತಯಾರಕರು ತಮ್ಮ ಹೊಣೆಯ ಮೇಲೆ ಕೊಡುವ ಮಾತು. ಹೆಸರು ಕೇಳಿರುವ, ವಿಳಾಸ ಮತ್ತು ಬ್ಯಾಚ್ ನಂಬರ್ ಸ್ಪಷ್ಟವಾಗಿ ಅಚ್ಚಾಗಿರುವ ಬಾಟಲಿಯನ್ನೇ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ. ‘ಲೈಸೆನ್ಸ್ ಪಡೆದ ಡೆಕ್ಸ್‌ರಾನ್ 3’ ಅಂತ ಹೊಸ ಬಾಟಲಿಯ ಮೇಲೆ ಕಂಡರೆ ಅದನ್ನು ವಾಪಸ್ ಇಟ್ಟುಬಿಡಿ.

ಬಾಟಲಿಯ ಕೆಲವು ಸಂಗತಿ ನಿಜಕ್ಕೂ ಹಿಡಿಸಿದವು. ಪಕ್ಕದಲ್ಲಿ ಉದ್ದಕ್ಕೆ ಒಂದು ಪಾರದರ್ಶಕ ಪಟ್ಟಿ ಇದೆ, ಅದರ ಮೇಲೆ ಎಂಎಲ್ ಗುರುತು. ಎಷ್ಟು ಸುರಿದೆ ಅನ್ನುವುದು ಕಾಣುತ್ತದೆ. ಟಾಪ್ ಅಪ್ ಮಾಡುವವರಿಗೆ ಇದು ಬಹಳ ಮುಖ್ಯ. ಹೋದ ಸಲಕ್ಕಿಂತ ಈ ಸಲ ಎಷ್ಟು ಜಾಸ್ತಿ ಕುಡಿಯಿತು ಅಂತ ಗೊತ್ತಾದರೆ ಲೀಕ್ ಹೆಚ್ಚುತ್ತಿದೆಯೇ ಅಂತ ಹೇಳಬಹುದು. ಮುಚ್ಚಳದ ಕೆಳಗೆ ಫಾಯಿಲ್ ಸೀಲ್ ಇದೆ, ಅದು ಹರಿದಿದ್ದರೆ ಕೊಳ್ಳಬೇಡಿ. ಹಿಡಿಸದೆ ಇದ್ದದ್ದು ಬಾಯಿ. ತೀರಾ ಅಗಲ. ಸ್ಟೀರಿಂಗ್ ಟ್ಯಾಂಕ್ ಸಾಮಾನ್ಯವಾಗಿ ಬೆಲ್ಟಿನ ಹತ್ತಿರವೋ ಬಿಸಿ ಸೈಲೆನ್ಸರ್ ಪೈಪಿನ ಹತ್ತಿರವೋ ಇರುತ್ತದೆ. ಬೆಲ್ಟಿನ ಮೇಲೆ ಚೆಲ್ಲಿದರೆ ಬೆಲ್ಟ್ ಜಾರುತ್ತದೆ, ಕಾದ ಪೈಪಿನ ಮೇಲೆ ಬಿದ್ದರೆ ಹೊಗೆ, ಬೆಂಕಿಯ ಭಯವೂ ಉಂಟು. ಉದ್ದ ಕತ್ತಿನ ಸಣ್ಣ ಆಲಿಕೆ ಇಲ್ಲದೆ ಈ ಬಾಟಲಿಯನ್ನು ಬಗ್ಗಿಸಲೇಬೇಡಿ. ಸುತ್ತ ಒಂದು ಹಳೇ ಬಟ್ಟೆಯನ್ನೂ ಸುತ್ತಿ.

ಲೆವೆಲ್ ನೋಡುವ ಬಗೆ ಸುಲಭ, ಆದರೆ ಅವಸರಕ್ಕೆ ಆಗುವುದಿಲ್ಲ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರ ನೇರ ಇರಲಿ, ಎಂಜಿನ್ ಆಫ್ ಆಗಿರಲಿ. ಮುಚ್ಚಳ ತೆಗೆಯುವ ಮುಂಚೆ ಅದರ ಸುತ್ತ ಕೂತಿರುವ ಧೂಳನ್ನು ಚೆನ್ನಾಗಿ ಒರೆಸಿ. ಈ ಒಂದು ಹೆಜ್ಜೆಯನ್ನು ಜನ ಬಿಡುತ್ತಾರೆ. ಮುಚ್ಚಳ ತಿರುಗಿಸುವಾಗ ಮರಳು ಮರಳಾದ ಧೂಳು ನೇರ ಒಳಗೆ ಬೀಳುತ್ತದೆ, ಪಂಪಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಕೆಲವು ಕಾರಿನಲ್ಲಿ ಮುಚ್ಚಳಕ್ಕೇ ಸಣ್ಣ ಕಡ್ಡಿ ಅಂಟಿರುತ್ತದೆ. ಒರೆಸಿ, ಮತ್ತೆ ಪೂರ್ತಿ ಮುಚ್ಚಿ, ತೆಗೆದು ನೋಡಬೇಕು. ನನ್ನದರಲ್ಲಿ ಟ್ಯಾಂಕೇ ಅರೆಪಾರದರ್ಶಕ. ಹಳೇದಾಗಿ ಹಳದಿಗಟ್ಟಿದೆ, ಹಾಗೇ ನೋಡಿದರೆ ಗೆರೆ ಕಾಣುವುದಿಲ್ಲ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಆಯಿಲ್ ಎಲ್ಲಿಗೆ ನಿಂತಿದೆ ಅನ್ನುವುದು ನೆರಳಿನಂತೆ ಎದ್ದು ಕಾಣುತ್ತದೆ.

ಟ್ಯಾಂಕಿನ ಮೇಲೆ ಬಿಸಿಗೆ ಬೇರೆ, ತಣ್ಣಗಿರುವಾಗ ಬೇರೆ ಗುರುತು ಇರಬಹುದು. ಕೆಲವು ನಿಸ್ಸಾನ್ ಕಾರುಗಳ ಮ್ಯಾನುಯಲ್‌ನಲ್ಲಿ ತಣ್ಣಗಿನದು 0ರಿಂದ 30 ಡಿಗ್ರಿ, ಬಿಸಿಯದು 50ರಿಂದ 80 ಡಿಗ್ರಿ ಅಂತ ಬಿಡಿಸಿ ಹೇಳಿದ್ದಾರೆ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ. ತಣ್ಣಗಿರುವಾಗ ಬಿಸಿಯ ಗೆರೆಯವರೆಗೆ ತುಂಬಿದರೆ ಓಡಿಸಿದ ಮೇಲೆ ಮುಚ್ಚಳದ ಸಂದಿಯಿಂದ ಉಕ್ಕಿ ಬರುತ್ತದೆ. ಆಮೇಲೆ ಟ್ಯಾಂಕಿನ ಹೊರಮೈ ಒದ್ದೆಯಾದದ್ದು ಕಂಡು ಲೀಕ್ ಇದೆ ಅಂತ ಗಾಬರಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ತಣ್ಣಗಿನ ಗೆರೆಗೆ ನೋಡುವುದೇ ನನಗೆ ಸಲೀಸು. ಬೇಕಾದ್ದಕ್ಕಿಂತ ಒಂದು ಚೂರು ಕಮ್ಮಿಯೇ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಹಾಕುವುದು ಸುಲಭ, ಜಾಸ್ತಿಯಾದದ್ದನ್ನು ತೆಗೆಯುವುದು ಕಷ್ಟ.

ಲೆವೆಲ್ ಜೊತೆಗೆ ಬಣ್ಣವನ್ನೂ ನೋಡಿ ಅನ್ನುವುದು ನನ್ನ ಒತ್ತಾಯ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಹೊಸ ಎಟಿಎಫ್ ದಾಳಿಂಬೆ ರಸದಷ್ಟು ತಿಳಿಯಾಗಿ ಹರಡುತ್ತದೆ. ಆ ಕೆಂಪು ಸುಮ್ನೆ ಬಣ್ಣ ಅಷ್ಟೇ, ಗುರುತಿಗೆಂದು ಹಾಕಿದ್ದು. ಕಾಲ ಕಳೆದಂತೆ ಅದು ಮಾಸಿ ಕಂದು ಬರುವುದು ಸಹಜ. ಬರೀ ಕಂದು ಬಂದಿದೆ ಅಂತ ಹೆದರಬೇಕಿಲ್ಲ. ಆದರೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಹನಿಯ ನಡುವೆ ಕಪ್ಪು ಪುಡಿ ನಿಂತರೆ, ಒಳಗಿನ ರಬ್ಬರೋ ಲೋಹವೋ ಸವೆದು ಬರುತ್ತಿದೆ ಅಂತ ಅರ್ಥ. ನೊರೆ ನೊರೆಯಾಗಿದ್ದರೆ ಗಾಳಿ ಸೇರಿದೆ. ಹಾಲು ಬೆರೆಸಿದಂತೆ ಮಂಕಾಗಿಯೇ ಉಳಿದರೆ ನೀರೂ ಸೇರಿರಬಹುದು. ನನ್ನ ಟ್ಯಾಂಕಿನಿಂದ ಬಂದ ಹನಿ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿತ್ತು, ಟಿಶ್ಯೂ ಮೇಲೆ ಅಂಚಿನವರೆಗೂ ಹರಡದೆ ನಡುವೆ ಕಪ್ಪಗೆ ನಿಂತಿತು. ಅದಕ್ಕೇ ಬರೀ ಟಾಪ್ ಅಪ್ ಬೇಡ, ಬದಲಿಸಿಯೇಬಿಡೋಣ ಅಂತ ತೀರ್ಮಾನಿಸಿದೆ.

ಬದಲಿಸಲು ನಾನು ಹಿಡಿದದ್ದು ನಿಧಾನದ ದಾರಿ. ದೊಡ್ಡ ಸಿರಿಂಜ್‌ಗೆ ಒಂದು ಮೆತ್ತನೆಯ ಟ್ಯೂಬ್ ಸಿಕ್ಕಿಸಿ ಟ್ಯಾಂಕಿನಲ್ಲಿದ್ದಷ್ಟನ್ನು ಎಳೆದು ತೆಗೆಯುವುದು, ಹೊಸದು ತುಂಬುವುದು, ಓಡಿಸುವುದು, ಮತ್ತೆ ತೆಗೆಯುವುದು. ಪ್ರತಿ ಸಲವೂ ಉಳಿದದ್ದು ತಿಳಿಯಾಗುತ್ತಾ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಇಡೀ ಸಿಸ್ಟಮ್‌ಗೆ 900 ಎಂಎಲ್ ಹಿಡಿದು ಅದರಲ್ಲಿ 300 ಟ್ಯಾಂಕಿನಲ್ಲಿದ್ದರೆ, ಒಂದು ಸಲಕ್ಕೆ ಮೂರನೇ ಒಂದು ಭಾಗ ಹೊಸದಾಗುತ್ತದೆ. ಮೂರು ಸಲ ಮಾಡಿದರೆ ಹಳೇದು ಶೇಕಡಾ 30ರಷ್ಟು ಉಳಿಯುತ್ತದೆ. ಒಂದು ಲೀಟರ್ ಬಾಟಲಿಗೆ ಇದು ಸರಿಹೋಗುವ ಲೆಕ್ಕ. ಇನ್ನೂ ಚೊಕ್ಕ ಬೇಕಾದರೆ ಎರಡನೇ ಬಾಟಲಿ ಬೇಕು. ವಾಪಸ್ ಹೋಸ್ ಬಿಚ್ಚಿ ಒಂದೇ ಸಲಕ್ಕೆ ಎಲ್ಲವನ್ನೂ ಹೊರಗೆ ಹಾಕುವ ದಾರಿಯೂ ಇದೆ. ಅದರಲ್ಲಿ ಪಂಪ್ ಒಣಗಿ ತಿರುಗುವ ಅಪಾಯ ಇದೆ, ನೋಡಿಕೊಳ್ಳಲು ಇಬ್ಬರು ಬೇಕು.

ಟ್ಯಾಂಕ್ ಖಾಲಿ ಮಾಡಿದಾಗ ತಳದಲ್ಲಿ ಒಂದು ಸಣ್ಣ ಜಾಲರಿ ಕಂಡಿತು. ಅದರ ಮೇಲೆ ಕಪ್ಪು ಕೆಸರಿನ ಪದರ, ಬೆರಳಿಗೆ ಗ್ರೀಸ್‌ನಂತೆ ಅಂಟುತ್ತಿತ್ತು, ಉಜ್ಜಿದರೆ ನುಣ್ಣಗೆ ಹರಡುತ್ತಿತ್ತು. ಈ ಜಾಲರಿ ಕಟ್ಟಿಕೊಂಡರೆ ಟ್ಯಾಂಕ್ ತುಂಬಿದ್ದರೂ ಪಂಪಿಗೆ ಸಾಕಷ್ಟು ಆಯಿಲ್ ಸಿಗುವುದಿಲ್ಲ. ಲೆವೆಲ್ ಸರಿ ಇದೆ, ಆದರೂ ಸದ್ದು ಹೋಗಲ್ಲ ಅಂತ ಹೇಳುವವರು ಇದನ್ನು ಒಮ್ಮೆ ನೋಡಬೇಕು. ಎಲ್ಲ ಕಾರಿನಲ್ಲೂ ಜಾಲರಿಯನ್ನು ಬೇರೆ ಮಾಡಲು ಬರುವುದಿಲ್ಲ, ಕೆಲವಕ್ಕೆ ಟ್ಯಾಂಕನ್ನೇ ಬದಲಿಸಬೇಕು. ನನ್ನದರಲ್ಲಿ ಟ್ಯಾಂಕ್ ಕಳಚಿ ತೊಳೆದು ಪೂರ್ತಿ ಒಣಗಿಸಿ ಕೂರಿಸಲು ಆಯಿತು.

ತುಂಬಿದ ಮೇಲೆ ಗಾಳಿ ತೆಗೆಯುವ ಕೆಲಸ ಇದೆ. ಮುಂದಿನ ಚಕ್ರಗಳನ್ನು ಜಾಕ್‌ನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಬೇಕು. ಟ್ಯಾಂಕಿನಲ್ಲಿ ಗುಳ್ಳೆ ಎದ್ದು ಬರುತ್ತವೆ, ಲೆವೆಲ್ ಇಳಿಯುತ್ತದೆ, ಮತ್ತೆ ತುಂಬಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ಮಾಡುವುದು. ಎಂಜಿನ್ ಓಡುವಾಗ ಕೊನೆ ತುದಿಗೆ ತಿರುಗಿಸಿ ಹಾಗೇ ಒತ್ತಿ ಹಿಡಿಯಬೇಡಿ. ಆಗ ಒತ್ತಡ ತುತ್ತತುದಿಗೆ ಏರಿ ಆಯಿಲ್ ಬಲು ಬೇಗ ಕಾಯುತ್ತದೆ. ಪಾರ್ಕಿಂಗ್‌ನಲ್ಲಿಯೂ ಇದೇ ಮಾತು.

ಫಲಿತಾಂಶ ಹೇಗಿದೆ? ನರಳುವ ಸದ್ದು ಹೋಯಿತು. ಅದರಲ್ಲಿ ಆಯಿಲ್‌ನ ಪಾಲೆಷ್ಟು, ಜಾಲರಿ ತೊಳೆದದ್ದರ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಬೆಳಿಗ್ಗೆ ಮೊದಲ ತಿರುವಿನಲ್ಲಿ ಇದ್ದ ಬಿಗುವು ಕಮ್ಮಿಯಾಗಿದೆ. ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಿರುಗಿಸಿ ತಿರುಗಿಸಿ ಬಂದ ಮೇಲೂ ನೊರೆ ಇರಲಿಲ್ಲ, ವಾಸನೆ ಇರಲಿಲ್ಲ. ಬಣ್ಣ ಇನ್ನೂ ಕೆಂಪಾಗೇ ಇದೆ. ಹಾಗಂತ ಹೊಸ ಆಯಿಲ್ ಹಾಕಿದ ತಕ್ಷಣ ಸ್ಟೀರಿಂಗ್ ಹಗುರಾಗಿ ಹಾರುತ್ತದೆ ಅಂತ ಕಾಯಬೇಡಿ. ಹಗುರ ಬೇಕಾದರೆ ಮೊದಲು ಮುಂದಿನ ಟಯರ್‌ಗಳ ಗಾಳಿ ನೋಡಿ, ಬೆಲ್ಟಿನ ಬಿಗಿ ನೋಡಿ.

ಇನ್ನು ಆ ‘ಎಲ್ಲ ಕಾರುಗಳಿಗೂ’ ಮಾತು. ನಾನು ಬಾಟಲಿ ಹಿಡಿದು ಕೂತಿದ್ದಾಗ ಭಾವ ಬಂದರು. ಅವರದು ಜರ್ಮನ್ ಕಾರು. “ಉಳಿದರೆ ನನ್ನ ಗಾಡಿಗೂ ಸ್ವಲ್ಪ ಹಾಕಿಬಿಡು, ಇದರ ಮೇಲೇ ಬರೆದಿದೆಯಲ್ಲ” ಅಂದರು. “ಇರಿ ಭಾವ, ಮೊದಲು ನಿಮ್ಮ ಮುಚ್ಚಳ ನೋಡೋಣ” ಅಂದೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ ಮುಚ್ಚಳದ ಮೇಲೆ ಸಿಎಚ್ಎಫ್ 11ಎಸ್ ಅಂತ ಸ್ಪಷ್ಟವಾಗಿ ಇತ್ತು. ಒಳಗಿನ ಆಯಿಲ್ ಹಸಿರು. ಅದು ಪೂರ್ತಿ ಸಿಂಥೆಟಿಕ್, ನನ್ನ ಕೆಂಪು ಎಟಿಎಫ್‌ಗಿಂತ ಬೇರೆಯೇ ಜಾತಿ. ತಣ್ಣಗಿರುವಾಗ ಎಟಿಎಫ್‌ಗಿಂತ ತುಂಬ ತೆಳುವಾಗಿ ಹರಿಯುತ್ತದೆ. ಆ ಪಂಪ್, ಆ ಸೀಲ್‌ಗಳನ್ನು ಅದಕ್ಕೆಂದೇ ಮಾಡಿರುತ್ತಾರೆ. ಎರಡನ್ನೂ ಬೆರೆಸಬಾರದು. ಭಾವ ಮುಚ್ಚಳವನ್ನೂ ನನ್ನ ಬಾಟಲಿಯನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿ, “ಮತ್ತೆ ಇವರು ಹೀಗೆ ಯಾಕೆ ಬರೆಯುತ್ತಾರೆ?” ಅಂತ ಕೇಳಿದರು. ನನಗೂ ಇರುವ ಕೋಪ ಅದೇ. ಹೊಂಡಾದಂಥವರೂ ತಮ್ಮ ಹೈಡ್ರಾಲಿಕ್ ಸ್ಟೀರಿಂಗ್‌ಗೆ ತಮ್ಮದೇ ಆಯಿಲ್ ಹೇಳುತ್ತಾರೆ. ಕೆಂಪು ಕೆಂಪಿಗೆ, ಹಸಿರು ಹಸಿರಿಗೆ ಅಂತ ಬರೀ ಬಣ್ಣ ನಂಬಿಕೊಂಡರೂ ಸಾಲದು, ಬಣ್ಣವನ್ನು ಯಾರು ಬೇಕಾದರೂ ಬೆರೆಸಬಹುದು. ಮುಚ್ಚಳದ ಮೇಲೋ ಮ್ಯಾನುಯಲ್‌ನಲ್ಲೋ ಇರುವ ದರ್ಜೆಯನ್ನೇ ನೋಡಿ.

ಅದೇ ಸಾಲಿನಲ್ಲಿ ಲೀಕ್ ನಿಲ್ಲಿಸುವ ಆಯಿಲ್ ಅಂತ ಸಣ್ಣ ಬಾಟಲಿಗಳೂ ಸಿಗುತ್ತವೆ. ನಾನು ತೆಗೆದುಕೊಳ್ಳಲಿಲ್ಲ. ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಉಬ್ಬಿಸುವುದು ಅದರ ಕೆಲಸ. ಸೀಲಿನಲ್ಲಿ ತೀರಾ ಸಣ್ಣ ಜಿನುಗು ಇದ್ದರೆ ಸ್ವಲ್ಪ ಕಾಲ ತಳ್ಳಬಹುದು. ಒಡೆದ ಹೋಸಿಗೆ, ಸಡಿಲ ಕ್ಲಿಪ್ಪಿಗೆ ಅದರಿಂದ ಏನೂ ಆಗದು. ಸ್ಟೀರಿಂಗ್ ಆಯಿಲ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಇಳಿಯುತ್ತಿದೆ ಅಂದರೆ ಎಲ್ಲಿಂದಲೋ ಹೊರಗೆ ಹೋಗುತ್ತಿದೆ. ರಾತ್ರಿ ಗಾಡಿಯ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ನನ್ನದು ಗೇರ್ ಹಾಕುವ ಗಾಡಿ, ಹಾಗಾಗಿ ಕೆಂಪು ಹನಿ ಅಂದರೆ ಸ್ಟೀರಿಂಗ್‌ದೇ. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರ್‌ಬಾಕ್ಸಿನದೂ ಕೆಂಪೇ ಇರಬಹುದು, ಹನಿ ಬಿದ್ದ ಜಾಗ ನೋಡಿಯೇ ಹೇಳಬೇಕು. ನನ್ನ ಗಾಡಿಯಲ್ಲಿ ಜಿನುಗುತ್ತಿದ್ದದ್ದು ವಾಪಸ್ ಹೋಸಿನ ತುದಿ. ರಬ್ಬರ್ ಕಲ್ಲಿನಷ್ಟು ಗಟ್ಟಿಯಾಗಿ ಕ್ಲಿಪ್ಪಿನ ಕೆಳಗೆ ಸೀಳಿತ್ತು. ಹೊಸ ಹೋಸ್ ಹಾಕುವಾಗ ಆಯಿಲ್ ತಡೆಯುವ ರಬ್ಬರಿನದೇ ಬೇಕು ಅಂತ ಕೇಳಿ, ನೀರಿನ ಹೋಸ್ ಆಯಿಲ್‌ಗೆ ಉಬ್ಬಿ ಹರಿಯುತ್ತದೆ. ಪಂಪಿನಿಂದ ರ‍್ಯಾಕ್‌ಗೆ ಹೋಗುವ ಹೋಸಿಗೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ, ಅದರಲ್ಲಿರುವ ಒತ್ತಡ ಬೇರೆಯೇ ಮಟ್ಟದ್ದು. ರ‍್ಯಾಕ್‌ನ ಎರಡೂ ತುದಿಯ ರಬ್ಬರ್ ಬೂಟನ್ನು ಒಮ್ಮೆ ಹಿಚುಕಿ ನೋಡಿ. ಒಳಗೆ ಆಯಿಲ್ ತುಂಬಿ ಗುಳು ಗುಳು ಅಂದರೆ ರ‍್ಯಾಕ್‌ನ ಸೀಲ್ ಹೋಗಿದೆ, ಅದು ಮೆಕ್ಯಾನಿಕ್ ಕೆಲಸ.

ಓಡುವಾಗ ಆಯಿಲ್ ಪೂರ್ತಿ ಹೋದರೂ ಸ್ಟೀರಿಂಗ್ ಕೈ ಬಿಡುವುದಿಲ್ಲ. ಚಕ್ರಕ್ಕೂ ಸ್ಟೀರಿಂಗ್‌ಗೂ ಕಬ್ಬಿಣದ ಸಂಬಂಧ ಇದ್ದೇ ಇರುತ್ತದೆ. ಭಾರ ಮಾತ್ರ ವಿಪರೀತ. ಎರಡೂ ಕೈ ಹಾಕಿ, ನಿಧಾನಕ್ಕೆ ಪಕ್ಕಕ್ಕೆ ತಂದು, ಎಂಜಿನ್ ಆಫ್ ಮಾಡಿ.

ನಿಮ್ಮ ಮುಚ್ಚಳದ ಮೇಲೆ ಎಟಿಎಫ್ ಅಂತಲೋ ಡೆಕ್ಸ್‌ರಾನ್ 2, 3 ಅಂತಲೋ ಇದ್ದರೆ ಈ ದರ್ಜೆಯ ಬಾಟಲಿಯನ್ನು ಧೈರ್ಯವಾಗಿ ಕೊಳ್ಳಿ. ಟಾಪ್ ಅಪ್‌ಗೆ ಅರ್ಧ ಲೀಟರ್ ಸಾಕು, ಬದಲಿಸಲು ಒಂದು ಲೀಟರ್. ತೆಗೆದ ಹಳೇ ಆಯಿಲನ್ನು ಮೋರಿಗೆ ಸುರಿಯಬೇಡಿ. ಖಾಲಿ ಬಾಟಲಿಗೆ ತುಂಬಿ, ಹಳೇ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಉಳಿದದ್ದನ್ನು ಇಡುವ ಜಾಗದ ಬಗ್ಗೆಯೂ ಎಚ್ಚರ ಬೇಕು. ಬ್ರೇಕ್ ಆಯಿಲ್ ಬಾಟಲಿಯ ಪಕ್ಕ ಇದನ್ನು ಇಡಬೇಡಿ. ಬ್ರೇಕ್ ಆಯಿಲ್ ಸ್ಟೀರಿಂಗ್‌ಗೆ ಬಿದ್ದರೆ ಅದರ ಸೀಲ್‌ಗಳು ಹಾಳು. ಎಟಿಎಫ್ ಬ್ರೇಕ್ ಟ್ಯಾಂಕಿಗೆ ಬಿದ್ದರೆ ಅಲ್ಲಿನ ರಬ್ಬರ್ ಉಬ್ಬಿ ಬ್ರೇಕೇ ಕೈಕೊಡಬಹುದು, ಅದು ಜೀವಕ್ಕೆ ಬರುವ ಮಾತು. ನಾನು ಬಾಟಲಿಗೆ ಬಿಳಿ ಟೇಪ್ ಸುತ್ತಿ ‘ಸ್ಟೀರಿಂಗ್ ಮಾತ್ರ’ ಅಂತ ಬರೆದು, ಮುಚ್ಚಳ ಬಿಗಿ ಮಾಡಿ, ಬೇರೆ ಕಪಾಟಿನಲ್ಲೇ ಇಟ್ಟಿದ್ದೇನೆ.